ಐವತ್ತೆಂಟು ಕಿಲೋ

ಗ್ಯೋಪಿಂಗೆನ್ ಊರಾಚೆ, ಬೇಕರಿಯ ಹಿಂದೆ ನನ್ನ ಷೆಡ್ಡು.
ಫೆಬ್ರವರಿ. ಬಾಗಿಲ ಸಂದಿಯಲ್ಲಿ
ಬ್ರೆಡ್ಡಿನ ಘಮ ಒಳಗೆ, ಹೀಟರಿನ ಬಿಸಿ ಹೊರಗೆ.
ರೋಂಬೋಲ್ಡ್ ಬಂದರು, ಎಪ್ಪತ್ತೊಂಬತ್ತರ ಮುದುಕ.
ಆ ಹಳದಿ ಪೋರ್ಷೆಯಿಂದ ಇಳಿಯಲಿಕ್ಕೆ ಮೂರು ಕಂತು:
ಮೊದಲು ಕೋಲು, ಆಮೇಲೆ ಕಾಲು, ಕೊನೆಗೆ ಬೈಗುಳ.

ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೈಯಿಟ್ಟರು.
'ನೋಡು ನೆರ್ಮಿನ್, ನಾಲ್ಕು ಬೆರಳು.
ಎಪ್ಪತ್ತೆರಡರಲ್ಲಿ ಎರಡೇ ಇತ್ತು.
ತಗ್ಗಿಸು.'

ಇಳಿಯಲಾರದವರಿಗೆ ಇನ್ನೂ ಇಳಿಯುವ ಆಸೆ.
ಅನ್ನಲಿಲ್ಲ. ಗಿರಾಕಿ.

ನಡುವೆ ಮೂವತ್ತು ವರ್ಷ ಗಾಡಿ
ಊಲ್ಮಿನ ಒಬ್ಬ ದಂತವೈದ್ಯನ ಬಳಿ ಇತ್ತಂತೆ.
ಸೊಂಟ ನೋವೆಂದು ಎತ್ತರಿಸಿದವನು ಅವನೇ.
ಹಲ್ಲು ನೋಡುವವನು ಹಲ್ಲು ತಪ್ಪಿಸಿ ಕೂರಿಸಿದ್ದ,
ಬಿಚ್ಚಿದ ಮೇಲೆ ಗೊತ್ತಾಯಿತು.

ಇದಕ್ಕೆ ಹಿಂದೆ ಸುರುಳಿ ಸ್ಪ್ರಿಂಗಿಲ್ಲ.
ಅಡ್ಡಕ್ಕೆ ಮಲಗಿದ ಉಕ್ಕಿನ ಸರಳು, ಈ ಕಡೆಗೊಂದು, ಆ ಕಡೆಗೊಂದು.
ಹೊಂಡ ಬಂದರೆ ತಿರುಚಿಕೊಳ್ಳಬೇಕು, ದಾಟಿದರೆ ಬಿಡಿಸಿಕೊಳ್ಳಬೇಕು,
ಅಷ್ಟೇ ಬಾಳು.
ತುದಿಯಲ್ಲಿ ಕೊರೆದ ಅಕ್ಷರ: ಎಡ, ಬಲ.
ಎಡಕ್ಕೆ ಪಳಗಿದ್ದನ್ನು ಬಲಕ್ಕೆ ಹಾಕಿದರೆ
ಒಂದು ದಿನ ಮುರಿಯುತ್ತದೆ,
ಮುನ್ಸೂಚನೆ ಕೊಡದೆ, ನೆಟ್ಟಗಿನ ರಸ್ತೆಯಲ್ಲೇ.

ರಬ್ಬರ್ ಬುಷ್ಷುಗಳು ಅಮ್ಮ ಆಯ್ದಿನ್‌ನಿಂದ ತರುತ್ತಿದ್ದ
ಒಣ ಅಂಜೂರದ ಹಾಗೆ; ಹಿಚುಕಿದರೆ ಕಪ್ಪು ಹುಡಿ.
ಹೊಸವಕ್ಕೆ ಮಗುವಿನ ಪೌಡರು ಬಳಿದು ಒತ್ತಿದೆ.
ಇಡೀ ಷೆಡ್ಡು ಆಗತಾನೆ ಮಿಂದ ಕೂಸಿನಂತೆ ನಾರಿತು,
ಗ್ರೀಸಿನಲ್ಲಿ ಮಿಂದ ಕೂಸು.

ಆಮೇಲೆ ಲೆಕ್ಕ.
ಸರಳಿನ ಒಳತುದಿಗೆ ನಲವತ್ತು ಹಲ್ಲು, ಹೊರತುದಿಗೆ ನಲವತ್ತನಾಲ್ಕು.
ಒಳಗೆ ಒಂದು ಹಲ್ಲು ಮುಂದೆ, ಹೊರಗೆ ಒಂದು ಹಲ್ಲು ಹಿಂದೆ:
ಒಂಬತ್ತು ಡಿಗ್ರಿ ಹೋಗಿ ಎಂಟೂ ಚಿಲ್ಲರೆ ಮರಳಿ ಬಂದು
ಕೈಗೆ ಉಳಿಯುವುದು ಒಂದು ಡಿಗ್ರಿಗೂ ಕಮ್ಮಿ.
ಇಷ್ಟೆಲ್ಲ ಹೋಗಿ ಬಂದು ಇಷ್ಟೇ!
ಆರು ಸಲ ಎಳೆದೆ, ಆರು ಸಲ ತುರುಕಿದೆ,
ಏಳನೆಯದಕ್ಕೆ ಹಲ್ಲಿಗೆ ಹಲ್ಲು ಕಚ್ಚಿತು,
ಅದರದ್ದೂ, ನನ್ನದೂ.

ಮುಂದಿನ ಚಕ್ರದ್ದು ಸುಲಭ, ಒಂದೊಂದು ಬೋಲ್ಟು.
ಶಾಕ್ ಅಬ್ಸಾರ್ಬರ್ ನಾಲ್ಕೂ ಹೊಸದು. ಅದನ್ನು ಬರೆಯಲು ಏನಿಲ್ಲ.

ಗುರುವಾರ ತೂಕ. ನಾಲ್ಕು ಚಕ್ರದಡಿ ನಾಲ್ಕು ತಕ್ಕಡಿ.
ಓಡಿಸುವವನ ಸೀಟಿಗೆ ಮೂರು ಚೀಲ ಉಪ್ಪು,
ಹಿಮದ ರಸ್ತೆಗೆ ಎರಚುವ ಉಪ್ಪು, ಇಪ್ಪತ್ತೈದರ ಚೀಲ.
'ಬಲಗಡೆ ಖಾಲಿ ತಾನೆ?'
'ಐವತ್ತೆಂಟು' ಅಂದರು ರೋಂಬೋಲ್ಡ್,
ಬೆಲೆ ಕೇಳಿದವರಿಗೆ ಅಂಗಡಿಯವನು ಅನ್ನುವ ಹಾಗೆ, ತಟ್ಟನೆ.
'ಲೋರೆ. ಮಡಿಲ ನಕ್ಷೆ, ಟಾರ್ಚು, ಪೆನ್ಸಿಲು ಸೇರಿಸಿ.
ಎರಡು ತಿರುವು ಮುಂಚಿತವಾಗಿ ತಿರುವು ಓದುತ್ತಿದ್ದಳು.
ನಾನು ರಸ್ತೆ ನೋಡಿದ್ದೇ ಇಲ್ಲ ಅನ್ನು.'

ಹೆಂಡತಿಯೋ, ಇದ್ದಾಳೋ ಇಲ್ಲವೋ,
ಕೈಯಲ್ಲಿ ಸ್ಪ್ಯಾನರ್ ಇದ್ದಾಗ ಕೇಳುವ ಮಾತಲ್ಲ.
ಇನ್ನೆರಡು ಚೀಲ ಹೊತ್ತು ತಂದೆ,
ಮೇಲೆ ಬೋಲ್ಟಿನ ಡಬ್ಬಿ, ಎಂಟು ಕಿಲೋ.
'ಬೆಲ್ಟು' ಅಂದರು. ಹಾಕಿದೆ.

ಎರಡೂ ಬದಿ ಸರಿತೂಗಲು ಸಂಜೆ ಆರಾಯಿತು.
ಮಡ್‌ಗಾರ್ಡಿನಡಿ ಬೆರಳಿಟ್ಟು ನೋಡಿದರು: ಎರಡು.
ಮೂರನೆಯದನ್ನು ತುರುಕಲು ನೋಡಿದರು, ಹೋಗಲಿಲ್ಲ. ನಕ್ಕರು.
ಎಡಗಡೆಯ ಉಪ್ಪು ಇಳಿಸಿ ಅವರನ್ನು ಕೂರಿಸಿದೆ,
ಮೊದಲು ಬೈಗುಳ, ಆಮೇಲೆ ಕಾಲು, ಕೊನೆಗೆ ಕೋಲು.
'ಬಲಗಡೆಯದು?'
'ಬೇಕರಿ ದಾಟುವವರೆಗೆ ಇರಲಿ.'

ಸೋಮವಾರ ಡಬ್ಬಿ ಮರಳಿತು, ಬೋಲ್ಟು ಒಂದೂ ಕಮ್ಮಿಯಿಲ್ಲ.
ಹಿಮ ಇನ್ನೂ ಬೀಳುತ್ತಿದೆ.
ಉಪ್ಪಿನ ಚೀಲ ಎರಡೂ ಬಂದಿಲ್ಲ.
ನಾನು ಬಿಲ್ಲಿಗೆ ಹಾಕಿಲ್ಲ.